ತಳ ಹಿಡಿದ ಆಲೂಗಡ್ಡೆ

ಮೊದಲ ಕಟ್ಲೆಟ್ ಬಾಣಲೆಯಲ್ಲೇ ಬಿಚ್ಚಿಕೊಂಡಿತು. ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಶುರುವಾಗಿ, ನಡುವೆ ಹಾದು, ಅವಳು ನೋಡುನೋಡುತ್ತಿದ್ದಂತೆ ಎಣ್ಣೆಯ ತುಂಬ ಆಲೂಗಡ್ಡೆಯ ಚೂರುಗಳು ತೇಲಾಡಿದವು.

"ಒಡೀತಾ?" ಅಡುಗೆಮನೆಯ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದ ಅತ್ತೆ ಕೇಳಿದರು.

"ಒಡೀತು ಅತ್ತೆ."

"ಒಡೀದೆ ಇನ್ನೇನು. ರಾತ್ರಿ ಮಿಕ್ಕಿದ್ದನ್ನ ಬೆಳಗ್ಗೆ ಎಬ್ಬಿಸಿ ಕೆಲಸಕ್ಕೆ ಹಚ್ಚಿದ್ರೆ ಯಾರಿಗೆ ತಾನೇ ಮೈ ಬಗ್ಗುತ್ತೆ."

ಅವಳು ನಕ್ಕು ಚೂರುಗಳನ್ನು ಜಾಲರಿ ಸೌಟಿನಿಂದ ಎತ್ತಿದಳು. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಆಲೂಗಡ್ಡೆ ಗಟ್ಟಿಯಾಗಿ ಕೂತಿತ್ತು. ಆದರೆ ಅವಳು ಕೈಯಲ್ಲಿ ತುಂಬ ಹೊತ್ತು ಆಡಿಸಿದ್ದರಿಂದ ಬೆಚ್ಚಗಾಗಿ ಸಡಿಲವಾಗಿತ್ತು. ಹಾಗಾದರೆ ತಣ್ಣಗಿರುವಾಗಲೇ ತಟ್ಟಿ ಎಣ್ಣೆಗೆ ಬಿಡಬೇಕು. ಒಂದು ಹಿಡಿ ಮೈದಾ ಹಾಕಿದಳು, ಕೈ ಒದ್ದೆ ಮಾಡಿಕೊಂಡು ಬಿಲ್ಲೆಯನ್ನು ಬೇಗ ತಟ್ಟಿದಳು, ಪುಡಿ ಮಾಡಿದ ಬಿಸ್ಕತ್ತಿನಲ್ಲಿ ಹೊರಳಿಸಿದಳು. ಬಿಸ್ಕತ್ತಿಗೆ ಆ ಮನೆಯಲ್ಲಿ ಬರವಿರಲಿಲ್ಲ. ಗಂಡ ಬಿಸ್ಕತ್ತು ಕಾರ್ಖಾನೆಯಲ್ಲಿ ಮೂಸಿ ನೋಡುವ ಕೆಲಸದವನು. ಬೆಣ್ಣೆ, ಹಿಟ್ಟು, ಹಾಲಿನಪುಡಿ, ಎಣ್ಣೆ, ಏನೇ ಬಂದರೂ ಅವನ ಮೂಗಿನ ಕೆಳಗೆ ಹಾದು ಹೋಗಬೇಕು. ಬೀದಿಯ ಮಕ್ಕಳಿಂದ ಹಿಡಿದು ಕಾರ್ಖಾನೆಯ ಯಜಮಾನರವರೆಗೆ ಎಲ್ಲರ ಬಾಯಲ್ಲೂ ಅವನು ಮೂಗಣ್ಣ.

ಆ ಮೂಗಣ್ಣನೇ ನಿನ್ನೆ ರಾತ್ರಿ ಅವಳ ನಿದ್ದೆ ಕೆಡಿಸಿದ್ದ.

ಆಗಿದ್ದಿಷ್ಟು. ಆಲೂಗಡ್ಡೆಯನ್ನು ಹಿಸುಕಿ, ಹಾಲು ಬೆಣ್ಣೆ ಹಾಕಿ, ಸಣ್ಣ ಉರಿಯಲ್ಲಿ ಇಟ್ಟು ಅವಳು ಬಟ್ಟೆ ತೆಗೆಯಲು ಮಹಡಿಗೆ ಹೋಗಿದ್ದಳು. ಬರುವಷ್ಟರಲ್ಲಿ ತಳ ಹಿಡಿದಿತ್ತು. ಮೇಲಿನದ್ದನ್ನಷ್ಟೇ ಬೇರೆ ಪಾತ್ರೆಗೆ ತೋಡಿಕೊಂಡರೂ ಸೀದ ವಾಸನೆ ಅದರೊಳಗೆಲ್ಲ ಹೊಕ್ಕು ಕೂತಿತ್ತು. ಅತ್ತೆ ಒಂದು ಲೋಟ ಹಾಲು ಕುಡಿದು ಆಗಲೇ ಮಲಗಿದ್ದರು. ಗಂಡ ಮೆಟ್ಟಿಲು ಹತ್ತುವಾಗಲೇ 'ಏನನ್ನ ಸುಟ್ಟೆ' ಎಂದು ಕೇಳುತ್ತಾನೆ, ಆಮೇಲೆ ಊಟ ಮುಗಿಯುವವರೆಗೂ ಕಾಲೆಳೆಯುತ್ತಾನೆ ಎಂದು ಅವಳು ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದಳು. ಅವನು ಬಂದ, ಕೈ ತೊಳೆದ, ಕೂತ. "ಬೆಣ್ಣೆ ಘಮಘಮ ಅಂತಿದೆ ಕಣೇ" ಎಂದ. ಆಮೇಲೆ ಎರಡು ಸಲ ಹಾಕಿಸಿಕೊಂಡು ತಿಂದ. ಅವಳು ಬಾಯಿಗಿಟ್ಟ ತುತ್ತನ್ನು ನುಂಗಲಾಗದೆ ಅವನ ಮುಖವನ್ನೇ ನೋಡಿದ್ದಳು. ತಮಾಷೆಯ ಸುಳಿವೇ ಇರಲಿಲ್ಲ.

ಅವಳಿಗೆ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ. ಗಾಜು ಬದಲಿಸಿ ಬದಲಿಸಿ, ಇದು ಸ್ಪಷ್ಟವೋ ಅದು ಸ್ಪಷ್ಟವೋ ಎಂದು ದಿನವಿಡೀ ಕೇಳುವುದು. ಕಾಣುವವರು ತಡವರಿಸುತ್ತಾರೆ, ಇನ್ನೊಂದು ಸಲ ತೋರಿಸಿ ಎನ್ನುತ್ತಾರೆ. ಕಾಣದವರು ಮಾತ್ರ ಗಾಜು ಸರಿಯಾಗಿ ಕೂರುವ ಮೊದಲೇ ಪಟಪಟನೆ ಅಕ್ಷರ ಒಪ್ಪಿಸುತ್ತಾರೆ, ಸರತಿಯಲ್ಲಿ ಕೂತಾಗಲೇ ಬಾಯಿಪಾಠ ಮಾಡಿಕೊಂಡದ್ದನ್ನು. ನಿನ್ನೆ ಗಂಡ 'ಘಮಘಮ' ಎಂದದ್ದು ಅಂಥವರ ದನಿಯಲ್ಲೇ. ತಟ್ಟೆ ಇನ್ನೂ ನೆಲ ಮುಟ್ಟಿರಲಿಲ್ಲ.

ಮಿಕ್ಕ ಆಲೂಗಡ್ಡೆಯನ್ನು ಚೆಲ್ಲದೆ ಇಟ್ಟದ್ದು ಅದಕ್ಕೇ. ಸಿಟ್ಟೇನೂ ಬಂದಿರಲಿಲ್ಲ. ಗೊತ್ತಾಗಬೇಕಿತ್ತು, ಅಷ್ಟೆ. ಈಗ ಅದನ್ನು ಮೂರು ಪಾಲು ಮಾಡಿದ್ದಳು. ಒಂದಕ್ಕೆ ಬೆಳ್ಳುಳ್ಳಿ ಜಜ್ಜಿ ಹಾಕಿದ್ದಳು, ಒಂದಕ್ಕೆ ನಿಂಬೆಸಿಪ್ಪೆಯ ತುರಿ. ಮೂರನೆಯದಕ್ಕೆ ಬರೀ ಬೀನ್ಸ್, ಸೊಪ್ಪಿನಂತೆ ಕಾಣುವಷ್ಟು ಸಣ್ಣಗೆ ಹೆಚ್ಚಿ.

ಈ ಸಲ ಬಿಲ್ಲೆ ಒಡೆಯಲಿಲ್ಲ. ಸುತ್ತ ಗುಳ್ಳೆಗಳೆದ್ದವು. ತಿರುವಿ ಹಾಕಲು ಕೈ ತುರಿಸುತ್ತಿದ್ದರೂ ತಡೆದುಕೊಂಡಳು. ಕೆಳಗೆ ಹೊರಪದರ ಕಟ್ಟುವವರೆಗೆ ಅದನ್ನು ಅದರ ಪಾಡಿಗೆ ಬಿಡಬೇಕು.

"ಏನೋ ಸೀದ ವಾಸನೆ ಬರ್ತಿದೆಯಲ್ಲೇ," ಎಂದರು ಅತ್ತೆ.

"ಆಗಲೇ ಬಿದ್ದ ಚೂರು ಕರಿ ಆಗಿದೆ ಅತ್ತೆ."

ಗಂಡ ತಲೆ ಒರೆಸಿಕೊಳ್ಳುತ್ತ ಬಂದು ತಾಯಿಯ ಪಕ್ಕ ಮಣೆ ಎಳೆದುಕೊಂಡು ಕೂತ. ಅವಳು ಮೂರು ಕಟ್ಲೆಟ್ ಇದ್ದ ತಟ್ಟೆಯನ್ನು ಅವನ ಮುಂದಿಟ್ಟಳು.

"ಮೂರರಲ್ಲಿ ಯಾವುದು ಚೆನ್ನಾಗಿದೆ ಹೇಳಿ ನೋಡೋಣ."

"ರಜಾ ದಿನವೂ ನಂಗೆ ಡ್ಯೂಟಿನಾ?" ಎನ್ನುತ್ತ ಅವನು ಮೊದಲನೆಯದನ್ನು ಮುರಿದು ಬಾಯಿಗೆ ಹಾಕಿಕೊಂಡ. "ಭೇಷ್." ಎರಡನೆಯದು. "ಇದೂ ಭೇಷ್." ಮೂರನೆಯದನ್ನು ಮುರಿದಾಗ ಒಳಗೆ ಹಸಿರು ಕಂಡಿತು. ಅವನ ಮುಖ ಅರಳಿತು. ಬಾಯಿಗೆ ಹೋಗುವ ಮೊದಲೇ ಹೇಳಿಬಿಟ್ಟ. "ಇದೇ ನೋಡು. ಪುದೀನಾ. ಪರಿಮಳ ಅಂದ್ರೆ ಇದು."

 ಅಂಗಡಿಯಲ್ಲೂ ಬಾಯಿಪಾಠ ಒಪ್ಪಿಸುವವರನ್ನು ಅವಳು ನಡುವೆ ತಿದ್ದುತ್ತಿರಲಿಲ್ಲ.

ಅಷ್ಟರಲ್ಲಿ ಅತ್ತೆ ಅವನ ತಟ್ಟೆಯಿಂದಲೇ ಒಂದು ಚೂರು ಎತ್ತಿ ಬಾಯಿಗಿಟ್ಟುಕೊಂಡಿದ್ದರು. ಅಗಿಯುವುದನ್ನು ನಿಲ್ಲಿಸಿದರು. "ಥೂ. ಪುದೀನಾ ಅಂತೆ ಪುದೀನಾ. ಸೀದು ಕರಕಲಾಗಿರೋ ಆಲೂಗಡ್ಡೆಗೆ ಬಿಸ್ಕತ್ತಿನ ಅಂಗಿ ತೊಡಿಸಿ ಕೂರಿಸಿದ್ದಾಳೆ. ಬೆಳಗ್ಗಿಂದ ಮನೆ ತುಂಬ ಇದೇ ವಾಸನೆ. ನಿನ್ನ ಮೂಗಿಗೆ ಏನೋ ಆಯ್ತು, ಮೂಗಣ್ಣ?"

ಅವನ ಕೈ ತಟ್ಟೆಯ ಮೇಲೇ ನಿಂತಿತು. ತಾಯಿಯನ್ನು ನೋಡಿದ, ಅವಳನ್ನು ನೋಡಿದ.

"ಸೀದಿದೆಯಾ?" ಎಂದ ಮೆಲ್ಲಗೆ.

"ನಿನ್ನೆ ರಾತ್ರೀದೂ ಸೀದಿತ್ತು ರೀ," ಎಂದಳು ಅವಳು. ಒಲೆ ಆರಿಸಿ ಅವನೆದುರು ನೆಲದ ಮೇಲೆ ಕೂತಳು. "ಯಾವಾಗಿಂದ?"

"ಆ ಜ್ವರ ಬಂತಲ್ಲ. ಅದು ಬಿಟ್ಟ ಮೇಲೆ." ಅವನು ಮುರಿದ ಕಟ್ಲೆಟ್ಟನ್ನು ಮೂಗಿನ ಹತ್ತಿರ ಹಿಡಿದು, ಸೋತು ಕೆಳಗಿಟ್ಟ. "ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾದೆ. ಉಪ್ಪು ಗೊತ್ತಾಗುತ್ತೆ, ಹುಳಿ ಗೊತ್ತಾಗುತ್ತೆ. ಈರುಳ್ಳಿ ಹೆಚ್ಚಿದ್ರೆ ಕಣ್ಣುರಿ ಮಾತ್ರ. ಬೇರೆ ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ ಹೇಗೆ? ಮೂಗು ಕಟ್ಟಿದ ಹಾಗಾ?"

"ಕಟ್ಟಿದ್ರೆ ಕಟ್ಟಿದೆ ಅಂತಾದ್ರೂ ಗೊತ್ತಾಗುತ್ತೆ. ಇದು ಹಾಗಲ್ಲ. ಉಸಿರು ಸಲೀಸಾಗಿ ಹೋಗುತ್ತೆ, ಬರುತ್ತೆ. ಜೊತೆಗೆ ಏನನ್ನೂ ತರಲ್ಲ."

"ಸೋಪು?"

"ಇಲ್ಲ."

"ಸೀಮೆಎಣ್ಣೆ?"

"ಅದೂ ಇಲ್ಲ." ಅವನು ತಾಯಿಯ ಕಡೆ ತಿರುಗಿ ನೋಡದೆ ಮತ್ತೂ ತಗ್ಗಿದ ದನಿಯಲ್ಲಿ ಹೇಳಿದ. "ನಿನ್ನ ಕೂದಲೂ ಇಲ್ಲ."

ಅತ್ತೆ ಸೆರಗಿನಲ್ಲಿ ಬಾಯಿ ಒರೆಸಿಕೊಂಡರು. "ನಾನು ಮಂಡಿಗೆ ಮುಲಾಮು ಹಚ್ಕೊಂಡ್ರೆ ಆ ಮೂಲೆಗೆ ಓಡಿ ಹೋಗ್ತಿದ್ದವನು ಈಚೆಗೆ ಪಕ್ಕದಲ್ಲೇ ಬಂದು ಕೂರ್ತಾನಲ್ಲ, ಅಮ್ಮನ ಮೇಲೆ ಅಕ್ಕರೆ ಬಂತು ಅಂದ್ಕೊಂಡಿದ್ದೆ ಕಣೇ," ಎಂದರು. ನಗಲು ಹೊರಟ ಮಾತು ನಗುವಾಗಲಿಲ್ಲ.

ಅವಳ ಮನಸ್ಸು ಮಾತ್ರ ಮುಂದಕ್ಕೆ ಓಡುತ್ತಿತ್ತು. "ಮತ್ತೆ ಕಾರ್ಖಾನೇಲಿ ಏನು ಮಾಡ್ತಿದ್ರಿ?"

ಅವನು ತಲೆ ತಗ್ಗಿಸಿದ. ಲ್ಯಾಬಿಗೆ ಹೊಸದಾಗಿ ಸೇರಿದ ಒಬ್ಬ ಹುಡುಗಿ ಇದ್ದಾಳಂತೆ. ಬೆಣ್ಣೆಯ ಡ್ರಮ್ಮು ಬಂದಾಗ ಮುಚ್ಚಳ ತೆಗೆದು ಇಬ್ಬರೂ ಮೂಸಬೇಕು. ಇವನು ಮೂಸಿದಂತೆ ಮಾಡಿ ಅವಳ ಮುಖ ನೋಡುತ್ತಾನೆ. ಹುಬ್ಬು ಗಂಟಿಕ್ಕಿದರೆ ವಾಪಸು. ಇಲ್ಲವಾದರೆ ಒಳಗೆ.

"ಇಷ್ಟು ದಿನ ಒಂದನ್ನೂ ವಾಪಸು ಕಳಿಸಿಲ್ಲ," ಎಂದ. "ಎಲ್ಲಾ ಚೆನ್ನಾಗೇ ಬರ್ತಿದೆ."

"ಹೇಳಿದ್ರೆ ಕೆಲಸ ಹೋಗುತ್ತಾ?"

"ಮೂಗಿಲ್ಲದ ಮೂಗಣ್ಣನ್ನ ಯಾರು ಇಟ್ಕೋತಾರೆ?"

 ಬಾಣಲೆಯ ಎಣ್ಣೆ ತಣಿಯುತ್ತ ಸಣ್ಣಗೆ ಚಿಟಿಲೆನ್ನುತ್ತಿತ್ತು. ಅವಳಿಗೆ ಹೆದರಿಕೆಯಾಯಿತು, ಆದರೆ ಹೆದರಿಕೆಯ ಒಳಗಿನಿಂದಲೂ ಒಂದು ಪ್ರಶ್ನೆ ತಲೆ ಎತ್ತಿತು.

"ಆ ಹುಡುಗಿ ಹೊಸಬಳು ಅಂದ್ರಲ್ಲ. ಅವಳಿಗೆ ಹೇಗೆ ಗೊತ್ತಾಗುತ್ತೆ?"

ಅವನು ಎದ್ದು ಫೋನು ತಂದ. ಕರೆ ಮಾಡಿ, ಸ್ಪೀಕರ್ ಹಾಕಿ, ಮಣೆಯ ಮೇಲಿಟ್ಟ.

"ಹೇಳಿ ಸರ್, ಇವತ್ತು ನಿಮಗೆ ರಜಾ ಅಲ್ವಾ?" ಹುಡುಗಿಯ ದನಿಯ ಹಿಂದೆ ಯಂತ್ರಗಳ ಸದ್ದಿತ್ತು.

"ಏನಮ್ಮಾ, ಮೊನ್ನೆ ಬಂದ ಡ್ರಮ್ಮು, ಅದರ ವಾಸನೆ ಹೇಗಿತ್ತು? ನಿಂಗೆ ಹೇಗನ್ನಿಸ್ತು?"

"ಯಾಕೆ ಸರ್?"

"ಸುಮ್ಮನೆ ಹೇಳು."

ಹುಡುಗಿ ತಡವರಿಸಿದಳು. "ಒಂಚೂರು ಕಮಟು ಅನ್ನಿಸ್ತು ಸರ್. ಆದ್ರೆ ನಿಮ್ಮ ಮುಖ ನೋಡ್ದೆ. ನೀವು ಆರಾಮಾಗಿದ್ರಿ. ನೀವೇ ಸುಮ್ನಿದ್ದೀರಿ ಅಂದ್ಮೇಲೆ ನನ್ನ ಮೂಗೇ ಸರಿಯಿಲ್ಲ ಅಂದ್ಕೊಂಡೆ."

ಅತ್ತೆ ಹಣೆಗೆ ಕೈ ಹಚ್ಚಿಕೊಂಡರು. ಅವನು ಕಣ್ಣು ಮುಚ್ಚಿಕೊಂಡು, ತೆರೆದು, ಫೋನಿನ ಹತ್ತಿರ ಬಾಗಿದ.

"ಈಗ ಎಲ್ಲಿದೆ ಅದು?"

"ಮಧ್ಯಾಹ್ನದ ಪಾಳಿಗೆ ಸುರೀತಾರೆ ಸರ್."

"ಸುರಿಯೋಕೆ ಬಿಡಬೇಡ. ನಿನ್ನ ಮೂಗು ಸರಿಯಾಗೇ ಇದೆ. ಕೆಟ್ಟಿರೋದು ನಂದು." ಆ ಕಡೆಯಿಂದ ಯಂತ್ರಗಳ ಸದ್ದಷ್ಟೇ ಬರುತ್ತಿತ್ತು. "ಕೇಳಿಸ್ತಾ? ಯಜಮಾನ್ರಿಗೆ ನಾನೇ ಬಂದು ಹೇಳ್ತೀನಿ."

ಅವನು ಅಂಗಿ ಹಾಕಿಕೊಳ್ಳುವಾಗ ಗುಂಡಿಗಳು ಒಂದು ಮೇಲೆ ಒಂದು ಕೆಳಗಾದವು. ಅವಳು ಬಿಚ್ಚಿ ಸರಿಯಾಗಿ ಹಾಕಿದಳು.

"ನಾನೂ ಬರ್ಲಾ?"

"ಬೇಡ. ನಿನ್ನ ಮುಂದೆ ಬೈಸ್ಕೊಳ್ಳೋಕಾಗಲ್ಲ."

"ಏನಾದ್ರೂ ತಿಂದ್ಕೊಂಡು ಹೋಗೋ," ಎಂದರು ಅತ್ತೆ. ತಟ್ಟೆ ನೋಡಿ, "ಇದನ್ನಲ್ಲ," ಎಂದು ಸೇರಿಸಿದರು.

ಅವನು ಇಳಿದು ಹೋದ ಮೇಲೆ ಅವಳು ಕಿಟಕಿಗೆ ಬಂದಳು. ಹಿಂದೆಯೇ ಅತ್ತೆಯೂ ಮಂಡಿ ಹಿಡಿದುಕೊಂಡು ಬಂದು ನಿಂತರು. ಕೆಳಗೆ ಬೀದಿಯಲ್ಲಿ ಅವನು ಬಿರುಸಾಗಿ ನಡೆಯುತ್ತಿದ್ದ. ತಿರುವಿನ ಬೇಕರಿಯಲ್ಲಿ ಆಗಷ್ಟೇ ಬ್ರೆಡ್ಡಿನ ತಟ್ಟೆಗಳನ್ನು ಹೊರಗೆ ತಂದು ಜೋಡಿಸುತ್ತಿದ್ದರು. ಆವಿ ಏಳುವುದು ಇಲ್ಲಿಗೂ ಕಾಣುತ್ತಿತ್ತು. ಅದನ್ನು ದಾಟಿ ಹೋದವನು ನಿಂತ, ಎರಡು ಹೆಜ್ಜೆ ಹಿಂದೆ ಬಂದ, ಮುಖ ಮೇಲೆತ್ತಿ ಆವಿಯ ಎದುರು ನಿಂತುಕೊಂಡ. ಚೀಲ ಹಿಡಿದ ಒಬ್ಬಾಕೆ ಅವನನ್ನು ಬಳಸಿಕೊಂಡು ಹೋದಳು, ಸೈಕಲ್ಲಿನವನು ಗಂಟೆ ಬಾರಿಸಿದ. ಆಮೇಲೆ ಅವನು ಕಾರ್ಖಾನೆಯ ದಾರಿ ಹಿಡಿದ.