ಮುಚ್ಚಳದೊಳಗಿನ ಕೆಂಪು ಗೆರೆ

ಶೆಂಗಾಂಗ್ ಎಂಬ ಊರಿನ ಗದ್ದೆಗಳ ನಡುವಿನ ತಗಡಿನ ಕಾರ್ಖಾನೆಗಳಲ್ಲಿ ಒಂದು ಮಾತು ಕೇಳಿಬರದ ವಾರವಿಲ್ಲ: "ತೂತು ಮತ್ತೆ ಜರುಗಿದೆ." ಬಿ-ಯುನ್‌ಳ ಮನೆಯ ಮುಂಭಾಗದಲ್ಲಿದ್ದ, ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಸಿಎನ್‌ಸಿ ಮಿಲ್ಲಿಂಗ್ ಯಂತ್ರದ್ದೂ ಅದೇ ಪಾಡು. ಗಾಲಿಕುರ್ಚಿಯ ಕೀಲುಗಳನ್ನು ಕೊರೆದು ಕಳಿಸಿದರೆ ಪೆಟ್ಟಿಗೆಗಳು ಹಾಗೇ ವಾಪಸು ಬರುತ್ತಿದ್ದವು. ಮಿಲಿಮೀಟರಿನ ನೂರನೇ ಒಂದು ಭಾಗಕ್ಕೆ ಅಲ್ಲಿ ಒಂದು ಎಳೆ ಎನ್ನುತ್ತಾರೆ. ತೂತುಗಳು ಆರು ಎಳೆ ಪಕ್ಕಕ್ಕೆ ಸರಿದಿರುತ್ತಿದ್ದವು.

ಅವಳ ಗಂಡ ಜಿನ್-ತು ಮೂರು ವಾರದ ಹಿಂದೆ ಇದಕ್ಕೆ ಕಾರಣ ಕಂಡುಹಿಡಿದಿದ್ದ. ಇಪ್ಪತ್ತೆರಡು ವರ್ಷದಿಂದ ಅವರಲ್ಲಿ ದುಡಿಯುತ್ತಿದ್ದ ಹಿರಿಯ ಕೆಲಸಗಾರ ಶ್ವಿ-ಮು ಅವರ ಕೈ.

"ಅಣ್ಣ, ನಿಮ್ಮ ಕೈ ನಡುಗ್ತಿದೆ. ಇನ್ನು ಮನೇಲಿದ್ದು ಸುಧಾರಿಸಿಕೊಳ್ಳಿ."

"ಮೋಟಾರಿನ ಕಡೆ ಮುಚ್ಚಳ ಒಂದ್ಸಲ ಬಿಚ್ಚಿ ನೋಡೋಣ ಕಣಪ್ಪ," ಎಂದಿದ್ದರು ಶ್ವಿ-ಮು.

"ಯಂತ್ರಕ್ಕೇನಾಗಿದೆ? ಪೊಟ್ಟಣ ಹೋದ ವಾರ ತಾನೆ ಬದಲಾಯಿಸಿದೀನಿ."

ಯಂತ್ರ ಹೇಳಿದ ಮಾತು ಕೇಳಲಿ ಎಂದು ಅದರ ನೆತ್ತಿಯ ಮೇಲೆ ಜೋಳದ ಕುರುಕು ತಿಂಡಿಯ ಹಸಿರು ಪೊಟ್ಟಣ ಇಡುವುದು ಅಲ್ಲಿನ ರೂಢಿ. ಬಣ್ಣ ಹಸಿರೇ ಆಗಿರಬೇಕು, ತಾರೀಖು ಮೀರಿರಬಾರದು. ಜಿನ್-ತು ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ. ಮುಚ್ಚಳವನ್ನು ಮಾತ್ರ ಒಮ್ಮೆಯೂ ಬಿಚ್ಚಿರಲಿಲ್ಲ.

ಶ್ವಿ-ಮು ಎರಡು ಸಲ ಸೋಪು ಹಚ್ಚಿ ಕೈ ತೊಳೆದು, ಯಂತ್ರದ ಮೇಜು ಒರೆಸಿಟ್ಟು ಹೋದರು. ಬಿ-ಯುನ್ ಬಾಗಿಲಲ್ಲೇ ನಿಂತಿದ್ದಳು. ಅವರನ್ನು ತಡೆಯಲಿಲ್ಲ. ಆಮೇಲೆ ದಿನವೂ ಅದೇ ಅವಳನ್ನು ಚುಚ್ಚುತ್ತಿತ್ತು, ಏಕೆಂದರೆ ಜಿನ್-ತು ತಾನೇ ನಿಂತು ಕೊರೆದರೂ ತೂತು ಜರುಗುವುದು ನಿಲ್ಲಲಿಲ್ಲ.

ಕೊನೆಗೆ ಅವಳು ನಡೆದದ್ದನ್ನೆಲ್ಲ ಹೇಳಿ ಗೆಳತಿ ಶೂ-ಝೆನ್‌ಳನ್ನು ಕರೆದಳು. ಮೂವತ್ತು ವರ್ಷ ಯಂತ್ರ ಜೋಡಿಸಿದವಳು, ಈಗ ಸಣ್ಣ ಕಾರ್ಖಾನೆಗಳ ಸಂಘದ ಪರವಾಗಿ ಮನೆಮನೆಗೆ ಹೋಗಿ ಯಂತ್ರ ನೋಡಿಕೊಳ್ಳುವುದನ್ನು ಹೇಳಿಕೊಡುವವಳು.

"ಯಂತ್ರ ಮುದಿಯಾಯ್ತು ಅಕ್ಕ. ಮಾರೋದೇ ವಾಸಿ," ಎಂದ ಜಿನ್-ತು ಬಂದ ಶೂ-ಝೆನ್‌ಗೆ, ನೂಡಲ್ಸಿನ ಬಟ್ಟಲಿನಿಂದ ತಲೆಯೆತ್ತದೆ.

"ಹಾಗಾದ್ರೆ ಮೊದಲು ನಿನ್ನನ್ನೇ ಮಾರಬೇಕು. ಏಳು."

ಶೂ-ಝೆನ್ ಯಂತ್ರದ ಮೇಜಿಗೆ ಸರಿದಾಟ ಅಳೆಯುವ ಮುಳ್ಳಿನ ಗೇಜು ತಾಗಿಸಿದಳು. ಮೇಜನ್ನು ಹತ್ತು ಮಿಲಿಮೀಟರು ಬಲಕ್ಕೆ, ಹತ್ತು ಎಡಕ್ಕೆ ಓಡಿಸಿದಳು. ಮುಳ್ಳು ಹೊರಟ ಜಾಗಕ್ಕೆ ಮರಳಲಿಲ್ಲ. ಆರು ಎಳೆ ತಪ್ಪು. ಇನ್ನೊಮ್ಮೆ ಮಾಡಿದರೆ ಎಂಟು.

"ಪರದೇಲಿ ಸರಿಯಾಗೇ ತೋರಿಸ್ತಿದೆಯಲ್ಲ?" ಎಂದ ಜಿನ್-ತು.

"ಪರದೆಗೆ ಮೋಟಾರು ಎಷ್ಟು ತಿರುಗ್ತು ಅನ್ನೋದಷ್ಟೇ ಗೊತ್ತು. ಮೋಟಾರನ್ನೂ ಮೇಜು ಎಳೆಯೋ ಸ್ಕ್ರೂವನ್ನೂ ಜೋಡಿಸಿರೋದು ಕಪ್ಲಿಂಗು. ಅದು ಜಾರಿದ್ರೆ ಪರದೆಗೇನು ತಿಳಿಯುತ್ತೆ?"

"ಅದಕ್ಕೇ ನಾನು ಯಂತ್ರದ ಲೆಕ್ಕದಲ್ಲಿ ಆರು ಎಳೆ ಕೂಡಿಸಿಟ್ಟಿದ್ದೆ."

"ಮುರಿದ ಕಾಲಿಗೆ ದಪ್ಪ ಚಪ್ಪಲಿ ಹಾಕಿದ ಹಾಗಾಯ್ತು, ಬಿಡು."

ಅವಳು ಮೇನ್ ಸ್ವಿಚ್ ಆರಿಸಿ, ಅದಕ್ಕೆ ಬೀಗ ಹಾಕಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡಳು. ಆಮೇಲೆ ಮುಚ್ಚಳ ಬಿಚ್ಚಿದಳು. ಮೋಟಾರಿನ ಶಾಫ್ಟಿನಿಂದ ಕಪ್ಲಿಂಗಿನವರೆಗೆ ಕೂದಲಿನಷ್ಟು ತೆಳ್ಳಗೆ, ನೇರವಾಗಿ ಒಂದು ಕೆಂಪು ಗೆರೆ, ಪಕ್ಕದಲ್ಲಿ ಈ ಸಲದ ಹೊಸವರ್ಷದ ಹಬ್ಬದ ಮುಂಚಿನ ತಾರೀಖು. ಗೆರೆ ನಡುವೆ ತುಂಡಾಗಿ, ಅರ್ಧ ಭಾಗ ಉಗುರಿನಷ್ಟು ಮೇಲೆ ಹೋಗಿತ್ತು.

"ಜಾರಿದ್ರೆ ಗೊತ್ತಾಗಲಿ ಅಂತ ಈ ಗೆರೆ ಎಳೆದಿದ್ದು ಯಾರು? ನಡುಗೋ ಕೈಯಂತೂ ಅಲ್ಲ."

ಹಬ್ಬಕ್ಕೆ ಮುನ್ನ ಕಾರ್ಖಾನೆ ಶುಚಿ ಮಾಡಿದ ದಿನ ಶ್ವಿ-ಮು ಒಬ್ಬರೇ ಯಂತ್ರದ ಹಿಂದೆ ಮಂಡಿಯೂರಿ ಕೂತಿದ್ದದ್ದು ಬಿ-ಯುನ್‌ಗೆ ನೆನಪಾಯಿತು.

ಶೂ-ಝೆನ್ ಕಪ್ಲಿಂಗು ಬಿರುಕುಬಿಟ್ಟಿಲ್ಲ ಎಂದು ಖಚಿತಮಾಡಿಕೊಂಡಳು. ಬೋಲ್ಟುಗಳನ್ನು ಸಡಿಲಿಸಿ, ಶಾಫ್ಟಿನ ಮೇಲೂ ಕಪ್ಲಿಂಗಿನ ಒಳಗೂ ಇಳಿದಿದ್ದ ಎಣ್ಣೆಯನ್ನು ಒಣಬಟ್ಟೆಯಿಂದ ಪೂರ್ತಿ ಒರೆಸಿದಳು. ಆಮೇಲೆ ಬಿಗಿತ ಅಳೆಯುವ ಟಾರ್ಕ್ ವ್ರೆಂಚ್ ಹಿಡಿದು, ಅವನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿದಳು.

"ಕೈಯಂದಾಜು ಸಾಲ್ದಾ?"

"ನಿನ್ನ ಅಂದಾಜು ನೋಡಿದೆನಲ್ಲ. ಯಂತ್ರದ ಪುಸ್ತಕದಲ್ಲಿ ಎಷ್ಟಿದೆಯೋ ಅಷ್ಟೇ ಬಿಗೀಬೇಕು."

ಹೊಸ ಗೆರೆ ಎಳೆದು, ಜಿನ್-ತು ಕೂಡಿಸಿದ್ದ ಆರನ್ನು ತೆಗೆಸಿ, ಮೇಜಿನ ಮೂಲಸ್ಥಾನವನ್ನು ಮತ್ತೆ ಹೊಂದಿಸಿದಳು. ಐದು ಸಲ ಹೋಗಿಬಂದರೂ ಮುಳ್ಳು ಸೊನ್ನೆಗೇ ಮರಳಿತು.

ಜಿನ್-ತು ಬಹಳ ಹೊತ್ತು ಮುಳ್ಳನ್ನೇ ನೋಡುತ್ತಿದ್ದ. ಆಮೇಲೆ ತಾನಾಗಿಯೇ ಫೋನು ಎತ್ತಿಕೊಂಡ.

"ಅಣ್ಣ, ಕಪ್ಲಿಂಗು ಸಡಿಲ ಆಗಿತ್ತು. ನಿಮ್ಮ ಕೈಯಲ್ಲ. ತಪ್ಪು ನಂದು."

ಆ ಕಡೆ ಎಲ್ಲೋ ಕೋಳಿಯ ಸದ್ದು.

"ಹೌದಾ," ಎಂದರು ಶ್ವಿ-ಮು. "ನಾನು ನನ್ನ ಕೈನೇ ಅಂದ್ಕೊಂಡೆ. ನನ್ನ ಅಳತೆಯ ಮೈಕ್ರೊಮೀಟರುಗಳನ್ನೆಲ್ಲ ಯಾರಿಗೋ ಕೊಟ್ಟುಬಿಟ್ಟೆ."

"ನಾಳೆ ಬನ್ನಿ ಅಣ್ಣ."

"ಈಗ ಅನ್ನ ತಿನ್ನೋವಾಗಲೂ ಕೈ ನೋಡ್ಕೋತಾ ಕೂತಿರ್ತೀನಿ, ಜಿನ್-ತು. ಬರಲ್ಲ. ಗೆರೆ ಎಳೆದಿಡು, ತಿಂಗಳಿಗೊಂದ್ಸಲ ನೋಡು."

ಫೋನು ಮೆತ್ತಗೆ ಇಟ್ಟ ಸದ್ದು ಬಿ-ಯುನ್‌ಗೂ ಕೇಳಿಸಿತು.

ಅಲ್ಲಿ ಈಗ ತಿಂಗಳ ಮೊದಲ ದಿನ ಜಿನ್-ತು ಸ್ವಿಚ್ಚಿಗೆ ಬೀಗ ಹಾಕಿ ಮುಚ್ಚಳ ಬಿಚ್ಚುತ್ತಾನೆ. ಬಿ-ಯುನ್ ದೀಪ ಹಿಡಿಯುತ್ತಾಳೆ. ಗೆರೆ ನೇರವಾಗಿದೆ. ಶ್ವಿ-ಮು ನಿಲ್ಲುತ್ತಿದ್ದ ಜಾಗದಲ್ಲಿ ಯಾರೂ ಇಲ್ಲ.

ಓದುತ್ತಿರುವ ಅಣ್ಣ, ಅಕ್ಕ, ನಿಮ್ಮ ಯಂತ್ರದ ನೆತ್ತಿಯ ಮೇಲೆ ಏನು ಬೇಕಾದರೂ ಇಟ್ಟುಕೊಳ್ಳಿ. ಆದರೆ ಅಳತೆ ತಪ್ಪಿದ ದಿನವೇ ಕರೆಂಟು ತೆಗೆದು, ಬೀಗ ಹಾಕಿ, ಕಪ್ಲಿಂಗಿನ ಮುಚ್ಚಳ ಬಿಚ್ಚಿ ನೋಡಿ. ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನು ಕರೆಯಿರಿ. ಅಲ್ಲಿಯವರೆಗೆ ಯಾರ ಕೈಯನ್ನೂ ದೂರಬೇಡಿ, ಯಾರನ್ನೂ ಮನೆಗೆ ಕಳಿಸಬೇಡಿ.