ಗೋಡೆಗೆ ಮಡಚುವ ರೈಲು

"ನೀನು ಆ ತುದಿ ಹಿಡಿ, ನಾನು ಈ ಕಡೆಯಿಂದ ಎತ್ತೀನಿ," ಎನ್ನುತ್ತಾ ಭಾವ ಅಂಗಿಯ ತೋಳು ಮೇಲೇರಿಸಿ ಹಲಗೆಗೆ ಕೈ ಹಾಕಿಯೇಬಿಟ್ಟರು. ಆ ತುದಿಯಲ್ಲಿ ಡ್ರೈವರ್ ಬಗ್ಗಿದ. ಹಲಗೆ ಒಂದು ಗೇಣು ಮೇಲೆದ್ದಿತೋ ಇಲ್ಲವೋ, ಗೋಡೆಯ ಬಳಿ ಕಿರ್ರೆಂದು ಸದ್ದಾಯಿತು.

"ಹೋಲ್ಡಾನ್!"

ಕೂಗಿದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಆಕೆ. ಕೂಗಿದ ಮೇಲೆ ತನಗೇ ಬೆರಗಾಯಿತು. ಅದು ಆಕೆಯ ಮಾತಲ್ಲ, ಗಂಡನ ಮಾತು. ಆತ ಆಯುಸ್ಸೆಲ್ಲ ಸಿಟಿ ಬಸ್ಸಿನ ಕಂಡಕ್ಟರಾಗಿದ್ದವನು. ಬಸ್ಸು ನಿಲ್ಲಿಸಲು ಹೋಲ್ಡಾನ್, ಹೊರಡಲು ರೈಟ್. ಅದೇ ಬಸ್ಸನ್ನು ಓಡಿಸುತ್ತಿದ್ದ ಡ್ರೈವರ್ ಕೂಗು ಕೇಳಿದ್ದೇ ಬಗ್ಗಿದ ಹಾಗೇ ನಿಂತುಬಿಟ್ಟ. ಗಂಡನ ಅಣ್ಣನಾದ ಭಾವ ಮಾತ್ರ ಇನ್ನೊಮ್ಮೆ ಜಗ್ಗಿ ನೋಡಿ, ಆಮೇಲೆ ಕೈಬಿಟ್ಟರು.

"ಏನಮ್ಮಾ ಇದು? ಆಸ್ಪತ್ರೆಯಿಂದ ವ್ಯಾನು ಹೊರಟಾಯ್ತಂತೆ. ಕೋಣೇನೆಲ್ಲ ಈ ಆಟದ ರೈಲಿನ ಹಲಗೆ ನುಂಗಿ ಕೂತಿದ್ರೆ ಅವನನ್ನ ಎಲ್ಲಿ ಮಲಗಿಸೋದು, ನನ್ನ ತಲೆ ಮೇಲಾ?"

"ಇಲ್ಲೇ ಮಲಗಿಸ್ಬೇಕು ಭಾವ. ಈ ಕೋಣೇಲೇ."

"ಹಾಗಾದ್ರೆ ಗರಗಸ ತರಿಸ್ತೀನಿ. ಎರಡು ತುಂಡು ಮಾಡಿ ಆಚೆ ಇಟ್ರಾಯ್ತು. ಬೇಡ ಅಂದ್ರೆ ಕೆಳಗೆ ಮೆಟ್ಟಿಲ ಹತ್ರ ಮಲಗಿಸೋಣ. ಸ್ಕೂಟರ್‌ಗಳನ್ನ ಸ್ವಲ್ಪ ಸರಿಸಿದ್ರೆ ಜಾಗ ಆಗುತ್ತೆ. ಕೊನೇ ಸಲ ನೋಡೋಕೆ ಬರೋರು ಅಲ್ಲೇ ನೋಡ್ಕೊಂಡು ಹೋಗ್ಲಿ."

ಸ್ಕೂಟರುಗಳ ಮಧ್ಯೆ! ಬದುಕೆಲ್ಲ ಬಸ್ಸಿನಲ್ಲಿ ನಿಂತೇ ಕಳೆದ ಮನುಷ್ಯ, ಕೊನೆಗೊಮ್ಮೆ ಮಲಗುವುದಾದರೂ ತನ್ನ ಮನೆಯೊಳಗೆ ಆಗಬೇಡವೇ? ಹಾಗೆಂದು ಹಲಗೆಗೆ ಗರಗಸ ಇಡಲು ಬಿಡುವುದೂ ಆಕೆಯಿಂದಾಗದ ಮಾತು.

"ಗರಗಸ ಬೇಡ. ಅದು ಮಡಚುತ್ತೆ."

"ಮಡಚೋದು ಗೊತ್ತಿದ್ದೋನು ವ್ಯಾನಲ್ಲಿ ಬರ್ತಿದಾನೆ," ಎಂದರು ಭಾವ. ಅಂದ ಮೇಲೆ ತಮ್ಮ ಮಾತು ತಮಗೇ ಚುಚ್ಚಿತೇನೋ, ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು.

*

ಮನೆಯೆಂದರೆ ಒಂದು ಮುಂಗೋಣೆ, ಅದರ ಬೆನ್ನಿಗೊಂದು ಅಡುಗೆಮನೆ. ಇಷ್ಟೇ ಜಾಗದಲ್ಲಿ ಆತ ರೈಲು ಓಡಿಸುತ್ತೇನೆಂದು ಹೊರಟಾಗ ಮಗಳಿನ್ನೂ ಚಿಕ್ಕವಳು.

"ನಾವು ಮೂರು ಜನ ಓಡಾಡೋಕೇ ಜಾಗ ಇಲ್ಲ, ರೈಲೆಲ್ರೀ ಓಡುತ್ತೆ?"

"ಈ ಗೋಡೆಗೇನು ಕೆಲಸ ಹೇಳು? ದಂಡಕ್ಕೆ ನಿಂತಿದೆ."

ಗೋಡೆಗೆ ಕಿರಿದಾದೊಂದು ಶೆಲ್ಫು ಬಡಿದ. ಅದರ ಮೇಲೆ ಸ್ಟೇಷನ್ನು. ಶೆಲ್ಫಿನ ಅಂಚಿಗೆ ಬಿಜಾಗರಿ ಹಾಕಿ, ದೊಡ್ಡ ಮಂಚದಷ್ಟು ಹಲಗೆ ಜೋಡಿಸಿದ. ಇಳಿಸಿದರೆ ಅದೊಂದು ಊರು, ಎತ್ತಿ ಚಿಲಕ ಹಾಕಿದರೆ ಬೀರುವಿನ ಬಾಗಿಲು. ಮಡಚಿದಾಗ ಗೋಡೆಗೆ ತಾಗಬಾರದೆಂದು ಊರಿನ ಮನೆಗಳೆಲ್ಲ ಗಿಡ್ಡ. ಮಗಳು ಮಹಡಿ ಮನೆ ಬೇಕೆಂದು ರಚ್ಚೆ ಹಿಡಿದರೆ, "ಈ ಊರಲ್ಲಿ ಮಹಡಿ ಕಟ್ಟೋಕೆ ಪರ್ಮಿಶನ್ ಇಲ್ಲ ಪುಟ್ಟಿ," ಎನ್ನುತ್ತಿದ್ದ.

"ಹಗಲೆಲ್ಲ ಬಸ್ಸಲ್ಲಿ ಅಲೆದದ್ದು ಸಾಲ್ದಾ?" ಎಂದು ಆಕೆ ಕೆಣಕಿದ್ದಳು.

"ಬಸ್ಸಲ್ಲಿ ಎಲ್ರೂ ಚಿಲ್ಲರೆ ಕೇಳ್ತಾರೆ. ಇಲ್ಲಿ ಒಬ್ರೂ ಕೇಳಲ್ಲ ನೋಡು."

ಹಲಗೆ ಎತ್ತಲು ಇಬ್ಬರು ಬೇಕು. ಒಂದು ತುದಿ ಮುಂದಾದರೂ ಬಿಜಾಗರಿ ತಿರುಚಿಕೊಳ್ಳುತ್ತದೆ. ಆದ್ದರಿಂದ ಊಟಕ್ಕೆ ಮುಂಚೆ ಆಕೆ ಬೈದುಕೊಂಡೇ ಒಂದು ತುದಿ ಹಿಡಿಯುತ್ತಿದ್ದಳು. ಆತ ಅದೇನೇನೋ ಕಳಚಿ, ಇನ್ನೊಂದು ತುದಿಯಿಂದ ರೈಟ್ ಎನ್ನುತ್ತಿದ್ದ. ಹಲಗೆ ಹೂವಿನಂತೆ ಮೇಲೇಳುತ್ತಿತ್ತು. ಏನು ಕಳಚುತ್ತಾನೆಂದು ಆಕೆ ಕತ್ತೆತ್ತಿ ನೋಡಿದವಳಲ್ಲ. ಒಲೆಯ ಮೇಲೆ ಏನಾದರೂ ಇದ್ದೇ ಇರುತ್ತಿತ್ತು.

ಕಾಯಿಲೆ ಬಿದ್ದ ಮೇಲೆ ಒಂದು ಸಂಜೆ ರೈಟ್ ಎಂದವನ ತುದಿಯೇ ಮೇಲೇಳಲಿಲ್ಲ. ಹಲಗೆಯಿಂದ ಮೆಲ್ಲನೆ ಕೈತೆಗೆದು ಆಕೆಯ ಮುಖ ನೋಡಿದ.

"ಇನ್ನು ನಿಂಗೆ ಅಡ್ಡ ಆಗುತ್ತೆ. ಯಾರಿಗಾದ್ರೂ ಹೇಳಿ ಬಿಚ್ಚಿಸಿಬಿಡ್ಲಾ?"

ಇಷ್ಟು ವರ್ಷ ಅಡ್ಡ, ಅಡ್ಡ ಎಂದು ಗೊಣಗಿದ ಬಾಯಲ್ಲೇ ಆಕೆ, "ನಂಗೇನು ಅಡ್ಡ? ಇರ್ಲಿ ಬಿಡಿ," ಎಂದಳು. ಹಾಸಿಗೆಗಳು ಅಡುಗೆಮನೆಗೆ ಹೋದವು. ಹಲಗೆ ಇಳಿದದ್ದು ಇಳಿದ ಹಾಗೇ ಉಳಿಯಿತು, ರೈಲು ಓಡುತ್ತಲೇ ಇತ್ತು.

*

ಈಗ ದೊಡ್ಡವಳಾಗಿದ್ದ ಮಗಳು ರೈಲಿನ ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ಪೆಟ್ಟಿಗೆಗೆ ತುಂಬಿದಳು. "ಆಮೇಲೇನಮ್ಮಾ?"

ಆಮೇಲೆ? ಆಕೆ ಗೋಡೆಯ ಪಕ್ಕ ಮಂಡಿಯೂರಿ, ಆತ ಬಗ್ಗುತ್ತಿದ್ದಲ್ಲೇ ಬಗ್ಗಿದಳು. ಬಗ್ಗಿದವನು ಏಳುವಾಗ ಅಂಗಿಯ ಜೇಬಿಗೆ ಏನನ್ನೋ ಹಾಕಿಕೊಳ್ಳುತ್ತಿದ್ದ. ಏನದು? ಥಟ್ಟನೆ ಬಟ್ಟೆ ಒಗೆಯುವ ಕಲ್ಲು ಕಣ್ಣಮುಂದೆ ಬಂತು. ಜೇಬಿನಲ್ಲಿ ಸಿಕ್ಕಿ ಬೆರಳಿಗೆ ತರಚುತ್ತಿದ್ದ ಕಂಬಿಯ ತುಂಡುಗಳು! "ಜೇಬೋ ಗುಜರಿ ಅಂಗಡಿಯೋ" ಎಂದು ಎಷ್ಟು ಸಲ ಕಿರುಚಿದ್ದಳೋ.

ಶೆಲ್ಫೂ ಹಲಗೆಯೂ ಕೂಡುವಲ್ಲಿ ಬೆರಳಾಡಿಸಿದಳು. ಸಿಕ್ಕವು. ಶೆಲ್ಫಿನಿಂದ ಹಲಗೆಗೆ ರೈಲಿನ ಕಂಬಿ ದಾಟುವ ಜಾಗದಲ್ಲಿ, ಬೆರಳುದ್ದದ ಬಿಡಿ ತುಂಡುಗಳು. ಒಂದೊಂದನ್ನೇ ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡಳು. ಒಂದು ಮಾತ್ರ ಸೊಟ್ಟಗಾಗಿತ್ತು.

"ಇವನ್ನ ತೆಗೀದೆ ಎತ್ತಿದ್ರೆ ಎಲ್ಲಾ ಕಿತ್ತು ಬರುತ್ತೆ ಭಾವ."

ಭಾವ ಸೊಟ್ಟ ತುಂಡನ್ನು ಇಸಿದುಕೊಂಡು, ಹೆಬ್ಬೆರಳಿನಿಂದ ನೆಟ್ಟಗೆ ಮಾಡುತ್ತಾ ಮೂಲೆಯಲ್ಲಿ ನಿಂತರು. ಕೆಳಗೆ ವ್ಯಾನಿನ ಹಾರ್ನು ಕೇಳಿಸಿತು.

ಆಕೆ ತನ್ನ ತುದಿ ಹಿಡಿದಳು. ಡ್ರೈವರ್ ಆ ತುದಿ ಹಿಡಿದ. ಆದರೆ ಎತ್ತಲಿಲ್ಲ.

"ಹೇಳಿ ಅತ್ತಿಗೆ."

"ಏನು ಹೇಳ್ಲಿ?"

"ನೀವು ಹೇಳ್ದೆ ನಾನು ಹೇಗೆ ಹೊರಡ್ಲಿ? ಅವನು ಹೇಳ್ದೆ ಗಾಡೀನ ಒಂದಿಂಚು ಮುಂದೆ ಹಾಕಿದೋನಲ್ಲ ನಾನು."

ಆ ಮಾತನ್ನು ಆಕೆ ಆಡಿಬಿಟ್ಟರೆ ಇನ್ನು ಆಡಬೇಕಾದವನು ಇಲ್ಲವೆಂದು ಒಪ್ಪಿದ ಹಾಗೆ. ಮೆಟ್ಟಿಲ ಮೇಲೆ ಭಾರ ಹೊತ್ತವರ ಹೆಜ್ಜೆಗಳು ಏರುತ್ತಿದ್ದವು.

"ರೈಟ್," ಎಂದಳು.

ಹಲಗೆ ಒಂದೇ ಸಮನೆ ಮೇಲೆದ್ದು ಗೋಡೆಗೆ ಕೂತಿತು. ಮಗಳು ಚಿಲಕ ಹಾಕಿದಳು. ಆಸ್ಪತ್ರೆಯಲ್ಲಿ ಬಾರದ ಅಳು ಆಕೆಗೆ ಆಗ ಬಂತು.

*

ಆತ ಕೋಣೆಯ ನಟ್ಟನಡುವೆ ಮಲಗಿದ್ದ. ಬಂದವರೆಲ್ಲ ಸುತ್ತ ನಿಂತು ನೋಡಲು ಜಾಗವಿತ್ತು. ಪಕ್ಕದ ಮನೆಯಾಕೆ ಮೂಗೊರೆಸಿಕೊಳ್ಳುತ್ತಾ, "ಇಷ್ಟು ದೊಡ್ಡ ಕೋಣೇನಾ ಇದು!" ಎಂದಳು. ಭಾವ ಗೋಡೆಯ ಹಲಗೆಯ ಮೇಲೆ ಅಂಗೈ ಇಟ್ಟು, "ಇದರೊಳಗೆ ಒಂದು ಊರೇ ಇದೆ. ನನ್ನ ತಮ್ಮ ಕಟ್ಟಿದ್ದು," ಎಂದು ಬಂದವರಿಗೆಲ್ಲ ಹೇಳಿದರು.

ಸಂಜೆ ಎಲ್ಲ ಮುಗಿಸಿ ಬಂದ ಮೇಲೆ ತಾಯಿ ಮಗಳು ಇಬ್ಬರೇ ಉಳಿದರು. ಗುಡಿಸಿ ಒರೆಸಿದ ನೆಲ ಗೋಡೆಯಿಂದ ಗೋಡೆಯವರೆಗೆ ಖಾಲಿ. ಮಗಳು ಕಿಟಕಿಯ ಕೆಳಗೆ ಕೂತಿದ್ದಳು.

ಆಕೆ ಅಡುಗೆಮನೆಯಿಂದ ಕೈಗೊಂದರಂತೆ ಟೀ ಲೋಟ ಹಿಡಿದು ಬಂದಳು. ಹಲಗೆ ಇಳಿದಿದ್ದಾಗ ಗೋಡೆಯಂಚಿಗೆ ಎಷ್ಟು ದಾರಿ ಉಳಿಯುತ್ತಿತ್ತೋ ಅಷ್ಟರಲ್ಲೇ, ಲೋಟಗಳನ್ನು ಭುಜದ ಮಟ್ಟಕ್ಕೆ ಎತ್ತಿ, ಹೊಟ್ಟೆ ಒಳಗೆಳೆದುಕೊಂಡು, ಬೆನ್ನನ್ನು ಗೋಡೆಗೆ ಉಜ್ಜುತ್ತಾ ಅಡ್ಡಡ್ಡ ಹೆಜ್ಜೆಯಿಟ್ಟು ಬಂದಳು. ಮಗಳು ನೋಡಿದಳು. ಎದ್ದು, ತಾನೂ ಗೋಡೆಗೆ ಒತ್ತಿಕೊಂಡು ನಿಂತು ಅಮ್ಮನಿಗೆ ದಾರಿ ಬಿಟ್ಟಳು.