ಹನ್ನೊಂದು ನಿಮಿಷದ ಕೇಬಲ್

ಅಮೆರಿಕದ ಆಗಸ್ಟಾದ ಪರೀಕ್ಷಾ ಕೇಂದ್ರದ ಮುಂದೆ ನಿವೃತ್ತ ಸಾರ್ಜೆಂಟ್ ಟಟಲ್ ತನ್ನ ಹಳೆಯ ಟ್ರಕ್ ನಿಲ್ಲಿಸಿದ. ಪಕ್ಕದಲ್ಲಿದ್ದ ರೆನಿಟಾ ಬಾಯ್ಕಿನ್ ಇಳಿಯಲಿಲ್ಲ. ಹದಿನಾಲ್ಕು ವರ್ಷ ಸೇನೆಯ ಸಂಪರ್ಕ ದಳದಲ್ಲಿ ದುಡಿದವಳು ಈಗ ಊರಿನ ಸೇನಾ ನೆಲೆಯಲ್ಲೇ ನಾಗರಿಕ ನೌಕರಿ ಹಿಡಿದಿದ್ದಳು. ಆದರೆ ನೆಟ್‌ವರ್ಕ್ ಪ್ರಮಾಣಪತ್ರವಿಲ್ಲದೆ ಅದು ಉಳಿಯುವಂತಿರಲಿಲ್ಲ. ಎರಡು ಸಲ ಕೂದಲೆಳೆಯ ಅಂತರದಲ್ಲಿ ಫೇಲಾಗಿದ್ದಳು. ಗಡುವು ಈ ಶುಕ್ರವಾರ.

“ಎಲ್ಲಿ ಎಡವ್ತಿದೀಯ?” ಬೇಯಿಸಿದ ಕಡಲೆಕಾಯಿಯ ಪೊಟ್ಟಣ ಚಾಚುತ್ತ ಟಟಲ್ ಕೇಳಿದ.

“ದುರಸ್ತಿ ಪ್ರಶ್ನೆಲಿ, ಸಾರ್ಜೆಂಟ್. ಲೈನ್ ಸತ್ತಿದೆ, ಮೊದಲು ಏನ್ಮಾಡ್ತೀಯ ಅಂತಾರೆ. ಬಳಸೋರನ್ನ ಏನಾಯ್ತು ಅಂತ ಕೇಳ್ಬೇಕಂತೆ. ಓದಿರ್ತೀನಿ. ಅಲ್ಲಿ ಕೂತ್ರೆ ಕೈ ತಾನಾಗೇ ‘ಕೇಬಲ್ ಬದಲಾಯಿಸು’ ಒತ್ತಿಬಿಡತ್ತೆ.”

ಟಟಲ್ ತಲೆ ತಗ್ಗಿಸಿದ. ಮೊದಲು ಕೈ, ಆಮೇಲೆ ಬಾಯಿ ಎಂದು ಹತ್ತೊಂಬತ್ತರ ಹುಡುಗಿಯಾಗಿದ್ದ ಅವಳಿಗೆ ಕಲಿಸಿದವನು ಅವನೇ.

ಅವಳಿಗೆ ಅಫ್ಘಾನಿಸ್ತಾನದ ಕಂದಹಾರದ ಆ ಮಧ್ಯಾಹ್ನ ನೆನಪಾಯಿತು. ಕಣ್ಣು ಬಿಡಲಾಗದ ಧೂಳು, ಲೈನ್ ಸತ್ತಿದ್ದಕ್ಕೆ ಕರ್ನಲ್‌ನ ಬೈಗುಳ. ಯಾವ ಕೇಬಲ್ ಯಾವುದೆಂಬ ಗುರುತಿಗೆ ಎರಡೂ ತುದಿಗೆ ಸುತ್ತಿದ್ದ ಟೇಪಿನ ಬಳೆಗಳನ್ನು ಬೆರಳಲ್ಲೇ ಎಣಿಸಿ, ಹನ್ನೊಂದು ನಿಮಿಷದಲ್ಲಿ ಕೇಬಲ್ ಬದಲಿಸಿದ್ದಳು. ಲೈನ್ ಜೀವ ಪಡೆದಿತ್ತು. ಅಷ್ಟು ಹಗುರವಾಗಿ ಆಮೇಲೆಂದೂ ನಕ್ಕಿರಲಿಲ್ಲ.

“ಅವತ್ತು ಕೇಬಲ್ ಕೆಟ್ಟಿರ್ಲಿಲ್ಲ ಕಣೆ,” ಎಂದ ಟಟಲ್. “ಕರ್ನಲ್ ಡೇರೆಲಿ ಗುಮಾಸ್ತ ಕಾಫಿ ಯಂತ್ರ ಹಾಕೋಕೆ ನಮ್ಮ ಲೈನಿನ ಪೆಟ್ಟಿಗೆಯ ಪ್ಲಗ್ ಕಿತ್ತಿದ್ದ. ನೀನು ಹೊರಗೆ ಒದ್ದಾಡ್ತಿದ್ದಾಗ ಸದ್ದಿಲ್ದೆ ಮತ್ತೆ ಚುಚ್ಚಿದ. ಕೇಳಿದ್ದಿದ್ರೆ ಒಂದೇ ನಿಮಿಷ.”

ರೆನಿಟಾ ಅವನತ್ತ ತಿರುಗಿದಳು. “ಹದಿನಾರು ವರ್ಷ ಯಾಕೆ ಹೇಳ್ಲಿಲ್ಲ?”

“ನಿನ್ನ ಮುಖ ನೋಡಿದೆ. ಮನಸ್ಸು ಬರ್ಲಿಲ್ಲ.”

ಅವಳು ಕಡಲೆಕಾಯಿ ಸಿಪ್ಪೆಯೊಂದನ್ನು ಅವನತ್ತ ಎಸೆದು ಇಳಿದುಹೋದಳು.

ಒಳಗೆ, ಇಪ್ಪತ್ತಮೂರನೆಯ ಪ್ರಶ್ನೆಗೆ ಬೆರಳು ಎಂದಿನಂತೆ ಕೇಬಲ್‌ನತ್ತ ಸರಿಯಿತು. ಅಷ್ಟರಲ್ಲಿ ಆ ಗುಮಾಸ್ತ ಕಣ್ಣ ಮುಂದೆ ಬಂದ, ಕೈಯಲ್ಲಿ ಕಾಫಿ ಲೋಟ. ಬೆರಳು ನಿಂತಿತು. ‘ಬಳಸುವವರನ್ನು ಕೇಳು’ ಒತ್ತಿದಳು.

ಎರಡು ಗಂಟೆಯ ನಂತರ ಮಡಚಿದ ಹಾಳೆ ಹಿಡಿದು ಹೊರಬಂದಾಗ ಟಟಲ್ ಗಾಜು ಇಳಿಸಿದ.

“ಏನಾಯ್ತು?”

“ನೋಡಿ, ನೀವೂ ಕೇಳೋದು ಕಲಿತ್ರಲ್ಲ,” ಎಂದು ಹಾಳೆ ಅವನ ಮಡಿಲಿಗೆ ಹಾಕಿದಳು. ಪಾಸಾಗಿದ್ದಳು. ಟಟಲ್ ಕನ್ನಡಕ ಹುಡುಕಿ ಎರಡೆರಡು ಸಲ ಓದಿದ.

ಗಾಡಿ ಹೊರಟಾಗ ಅವಳು ಮೆಲ್ಲನೆ ಹೇಳಿದಳು: “ನನ್ನ ಮಗಳು ಆ ಹನ್ನೊಂದು ನಿಮಿಷದ ಕಥೆ ಈಗ್ಲೂ ಕೇಳ್ತಾಳೆ, ಸಾರ್ಜೆಂಟ್. ಅವಳ ಹತ್ರ ಬಾಯಿ ಬಿಡ್ಬೇಡಿ.”